ಮುಖ ನೋಡಿದ್ರೆ ಏನೂ ಆಗಲ್ಲ, ಗಡಿಯಾರ ನೋಡಿ

ವೈಶಾಖದ ಲಗ್ನಗಳು ಹತ್ತಿರ ಬಂದವು ಅಂದರೆ ಸಾಕು, ಮುಂಬೈಯ ನಮ್ಮ ಕನ್ನಡದ ಮನೆಗಳಿಂದ ನನಗೆ ಒಂದೇ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ. ಪೌರೋಹಿತ್ಯ ಬಿಟ್ಟು ಇದಕ್ಕೆ ಉತ್ತರ ಹೇಳೋದೇ ಕೆಲಸವಾಗಿದೆ. ಆದ್ದರಿಂದ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಪ್ರಶ್ನೆ: ಮಗಳ ಮದುವೆ ಮೇ ತಿಂಗಳಲ್ಲಿ, ಮಾಟುಂಗದ ಹಾಲ್‌ನಲ್ಲಿ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ 10.40ಕ್ಕೆ ಮುಹೂರ್ತ. ಅದಕ್ಕೂ ಮುಂಚೆ ಹುಡುಗ ಹುಡುಗಿಯನ್ನು ಎದುರುಬದುರು ನಿಲ್ಲಿಸಿ ‘ಫಸ್ಟ್ ಲುಕ್’ ತೆಗೆಯುತ್ತೇನೆ ಅಂತಾರೆ ಫೋಟೋಗ್ರಾಫರ್. ಅಂತರಪಟ ಸರಿಯುವ ತನಕ ಮುಖ ನೋಡಿದರೆ ಅಪಶಕುನ ಅಂತಾರೆ ಬೀಗಿತ್ತಿ. ಯಾರ ಮಾತು ಕೇಳಲಿ? (ಮುಲುಂಡ್)

ಉತ್ತರ: ಅಲ್ಲ ತಾಯೀ, ಹಿಂದಿನ ಸಂಜೆ ಇಬ್ಬರೂ ವೇದಿಕೆ ಮೇಲೆ ಮೂರು ಗಂಟೆ ಪಕ್ಕಪಕ್ಕ ನಿಂತು ಬಂದವರಿಗೆಲ್ಲ ನಮಸ್ಕಾರ ಮಾಡುತ್ತಾರೆ. ಆಗ ಇಲ್ಲದ ಅಪಶಕುನ ಬೆಳಿಗ್ಗೆ ಎಲ್ಲಿಂದ ಬಂತು? ಮದುವೆ ದಿನ ವಧುವನ್ನು ವರ ಮೊದಲೇ ನೋಡಬಾರದು ಅನ್ನುವುದು ಬಿಳಿ ಗೌನಿನ ಮದುವೆಗಳ ನಂಬಿಕೆ. ಅದನ್ನು ಮುರಿಯುವ ‘ಫಸ್ಟ್ ಲುಕ್’ ಕೂಡ ಅಲ್ಲಿಂದಲೇ ಬಂದದ್ದು. ಬೀಗಿತ್ತಿಯದ್ದೂ ಫೋಟೋಗ್ರಾಫರದ್ದೂ ಒಂದೇ ಅಂಗಡಿಯ ಸಾಮಾನು!

ನಮ್ಮಲ್ಲಿ ಅಂತರಪಟ ಇದೆಯಲ್ಲ ಅನ್ನುತ್ತೀರಿ. ಇದೆ. ಅದು ಸರಿದಾಗ ಪರಸ್ಪರ ನೋಡುವುದು ಒಂದು ವಿಧಿ. ಆಗ ಹೇಳುವ ‘ಅಘೋರಚಕ್ಷುಃ’ ಮಂತ್ರ ಋಗ್ವೇದದ 10ನೇ ಮಂಡಲದ 85ನೇ ಸೂಕ್ತದ್ದು. ನೋಟ ಸೌಮ್ಯವಾಗಿರಲಿ, ಗಂಡನಿಗೆ ಒಳಿತಾಗಲಿ ಅನ್ನುತ್ತದೆ. ಮೊದಲೇ ನೋಡಿದವರಿಗೆ ಕೇಡಾಗಲಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಹಾಗಂತ ಫೋಟೋಗ್ರಾಫರ್‌ಗೆ ಬೆಳಗನ್ನೇ ಬರೆದುಕೊಡಬೇಡಿ. ನನಗೆ ಭಯ ಇರುವುದು ಅಲ್ಲೇ. ಹತ್ತೇ ನಿಮಿಷ ಅಂತ ಜೋಡಿಯನ್ನು ಫೈವ್ ಗಾರ್ಡನ್ಸ್‌ಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಗೌರಿಪೂಜೆಯ ಮಣೆ ಖಾಲಿ. ಸೋದರಮಾವ ಬಾಗಿಲಲ್ಲಿ ನಿಂತು ಫೋನ್ ಮಾಡುತ್ತಿರುತ್ತಾನೆ. ಕೊನೆಗೆ ಹುಡುಗಿ ಓಡಿ ಬಂದು ನಿಂತರೆ, ಅಂತರಪಟ ಹಿಡಿದವರಿಗೆ ‘ಸ್ವಲ್ಪ ಕೆಳಗಿಳಿಸಿ ಸರ್, ಫ್ರೇಮ್ ಸಿಗ್ತಿಲ್ಲ’ ಅನ್ನುವ ಕೂಗು. ಮೇ ತಿಂಗಳ ಸೆಕೆಗೆ ವೀಳ್ಯದೆಲೆಯಲ್ಲಿದ್ದ ಜೀರಿಗೆ ಬೆಲ್ಲ ಕರಗಿ ಅಂಗೈಗೆ ಮೆತ್ತಿಕೊಂಡಿರುತ್ತದೆ. ತಲೆ ಮೇಲೆ ಹಾಕಬೇಕಾದದ್ದು ಹುಡುಗನ ಪೇಟಕ್ಕೆ ಅಂಟುತ್ತದೆ. ಮಂತ್ರ ಯಾರಿಗೂ ಕೇಳಿಸಿರುವುದಿಲ್ಲ.

ಆದ್ದರಿಂದ ನನ್ನ ಲೆಕ್ಕ ಇಷ್ಟು. ಫೋಟೋ ಬೇಕಿದ್ದರೆ ಗೌರಿಪೂಜೆಗೆ, ಬಾಸಿಂಗ ಕಟ್ಟುವುದಕ್ಕೆ ಮುಂಚೆ, ಹಾಲ್‌ನ ಒಳಗೇ. 9 ಗಂಟೆಗೆ ಕ್ಯಾಮೆರಾ ಬಂದ್. ವರನ ಕಡೆಯವರು ಠಾಣೆ, ಡೊಂಬಿವಿಲಿಯಿಂದ ಬರುವವರಾದರೆ ಫೋಟೋದ ಆಸೆಯನ್ನೇ ಬಿಡಿ, ರಸ್ತೆಯನ್ನು ನಂಬಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು, ಮಗಳನ್ನು ಕೇಳಿದಿರಾ? ನಿಮ್ಮ ಪತ್ರದಲ್ಲಿ ಬೀಗಿತ್ತಿ ಇದ್ದಾರೆ, ಫೋಟೋಗ್ರಾಫರ್ ಇದ್ದಾರೆ, ಅವಳೇ ಇಲ್ಲ. ಅಂತರಪಟ ಸರಿದಾಗಲೇ ನೋಡಬೇಕು ಅಂತ ಅವಳಿಗೆ ಆಸೆ ಇದ್ದರೆ ಮಾತು ಮುಗಿಯಿತು. ಬೀಗಿತ್ತಿಗೆ ನನ್ನ ಹೆಸರು ಹೇಳಿ, ಬೈದರೆ ನನಗೆ ಬೈಯಲಿ.

ಪ್ರಶ್ನೆ: ಪ್ರಿ-ವೆಡ್ಡಿಂಗ್ ಶೂಟ್ ಆಗಿಹೋಗಿದೆ. ‘ಮುಖದರ್ಶನ ದೋಷ’ಕ್ಕೆ ಶಾಂತಿ ಮಾಡಿಸಿ, 21,000 ಆಗುತ್ತೆ ಅಂತ ಒಬ್ಬರು ಹೇಳಿದ್ದಾರೆ. (ಪುಣೆ)

ಉತ್ತರ: ಅಂಥ ದೋಷವೇ ಇಲ್ಲ. ಸುಮ್ನೆ ಹೆದರಿಸಿ ದುಡ್ಡು ಕೀಳುವ ಉಪಾಯ. ನಂಬರ್ ಬ್ಲಾಕ್ ಮಾಡಿ. ಆ ದುಡ್ಡಿಗೆ ಊಟಕ್ಕೆ ಇನ್ನೊಂದು ಸಿಹಿ ಹಾಕಿಸಿ.

ಪ್ರಶ್ನೆ: ಅಂತರಪಟಕ್ಕೆ ಮುಂಚೆ ನೋಡಿಕೊಂಡರೆ ಮದುವೆ ಕಾನೂನಿನಲ್ಲಿ ನಿಲ್ಲುತ್ತದೆಯೇ? (ಡೊಂಬಿವಿಲಿ)

ಉತ್ತರ: ನಿಲ್ಲುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯ 7ನೇ ಸೆಕ್ಷನ್ ಓದಿ. ಸಪ್ತಪದಿ ಇರುವ ಮದುವೆ ಏಳನೇ ಹೆಜ್ಜೆಗೆ ಪೂರ್ತಿಯಾಗುತ್ತದೆ. ಯಾರು ಯಾರನ್ನು ಯಾವಾಗ ನೋಡಿದರು ಅಂತ ಅದು ಕೇಳುವುದಿಲ್ಲ.

ಪ್ರಶ್ನೆ: ನಾವು ಮಡಗಾಂವ್‌ನವರು. ಮದುವೆಗೆ ಮುಂಚೆ ಹುಡುಗ ಹುಡುಗಿ ಸಿವಿಲ್ ರಿಜಿಸ್ಟ್ರಾರ್ ಕಚೇರಿಗೆ ಒಟ್ಟಿಗೆ ಹೋಗಬಹುದೇ? ಅಜ್ಜಿ ಬೇಡ ಅಂತಾರೆ.

ಉತ್ತರ: ಗೋವಾದಲ್ಲಿ ಸಹಿ ಹಾಕದೆ ಮದುವೆಯೇ ಇಲ್ಲ. ಅಜ್ಜಿಯನ್ನೂ ಕರೆದುಕೊಂಡು ಹೋಗಿ.