ಓದುಗರ ಪ್ರಶ್ನೆ: ಪಳಗಿದ ಡೈವರ್‌ಗೆ ತಕ್ಕ ಡೈವ್ ಸೆಂಟರ್ ಯಾವುದು?

ಪ್ರಶ್ನೆ: ನಾನು ಸ್ಕೂಬಾ ಡೈವಿಂಗ್ ಶುರುಮಾಡಿ ಹತ್ತು ವರ್ಷಕ್ಕೂ ಮೇಲಾಯಿತು. ಕಳೆದ ಪ್ರವಾಸದಲ್ಲಿ ಸಿಕ್ಕ ಆಪರೇಟರ್ ಬಗ್ಗೆ ಎರಡು ಬೇಸರಗಳಿವೆ. ನನ್ನ ತರಬೇತಿಯ ಕಾರ್ಡು, ಲಾಗ್‌ಬುಕ್ ಎಲ್ಲ ನೋಡಿದ ಮೇಲೂ ಮೊದಲ ದಿನ ಆಳವಿಲ್ಲದ ಜಾಗದಲ್ಲಿ ಚೆಕ್ ಡೈವ್, ಅಂದರೆ ಪರೀಕ್ಷೆಯ ಡೈವ್, ಮಾಡಲೇಬೇಕೆಂದರು. ಮರುದಿನದಿಂದ ಹೊಸಬರ ಗುಂಪಿಗೆ ಸೇರಿಸಿದರು. ಒಬ್ಬರ ಗಾಳಿ 50 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ಇಳಿದ ಕೂಡಲೇ, 35ನೇ ನಿಮಿಷಕ್ಕೆ, ಗೈಡ್ ಎಲ್ಲರನ್ನೂ ಮೇಲಕ್ಕೆ ಕರೆದೊಯ್ದ. ನನ್ನ 12 ಲೀಟರ್ ಸಿಲಿಂಡರಿನಲ್ಲಿ ಇನ್ನೂ 110 ಬಾರ್ ಇತ್ತು. ಅನುಭವಿಗಳಿಗೆ ಹೊಂದುವ ಆಪರೇಟರನ್ನು ದುಡ್ಡು ಕಟ್ಟುವ ಮೊದಲೇ ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಎರಡನೆಯ ದೂರು ನ್ಯಾಯವಾದದ್ದು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ.

ನೀವು ಒಂದು ಕಾಲದಲ್ಲಿ ಕಲಿತು ಪಾಸಾಗಿದ್ದೀರಿ ಎಂಬುದಷ್ಟೇ ಕಾರ್ಡಿನಿಂದ ತಿಳಿಯುತ್ತದೆ. ಈ ಸೂಟು ತೊಟ್ಟು ಮುಳುಗಲು ಎಷ್ಟು ಸೀಸ ಕಟ್ಟಬೇಕು, ಬಾಡಿಗೆ ಬಿಸಿಡಿಯ (ತೇಲುವುದನ್ನು ಹೊಂದಿಸುವ ಗಾಳಿ ತುಂಬುವ ಜಾಕೆಟ್) ಗಾಳಿ ಬಿಡುವ ಹಗ್ಗ ಯಾವ ಕಡೆಗಿದೆ ಎಂಬುದೆಲ್ಲ ನೀರಿಗಿಳಿದ ಮೇಲೇ ಗೊತ್ತಾಗಬೇಕು. ಸಿಹಿನೀರಿನಿಂದ ಉಪ್ಪುನೀರಿಗೆ ಬಂದರೆ, 3 ಮಿ.ಮೀ. ಸೂಟು ಬಿಟ್ಟು 5 ಮಿ.ಮೀ. ತೊಟ್ಟರೆ ಸೀಸದ ಲೆಕ್ಕವೇ ಬೇರೆ. 12 ಲೀಟರ್ ಸಿಲಿಂಡರಿನಲ್ಲಿ 150 ಬಾರ್ ಗಾಳಿ ಖರ್ಚಾಗುವಷ್ಟರಲ್ಲಿ ನಿಮ್ಮ ಬೆನ್ನಿನ ತೂಕ ಸುಮಾರು 2 ಕೆ.ಜಿ. ಇಳಿದಿರುತ್ತದೆ. ಡೈವ್ ಶುರುವಾದಾಗ ನೆಟ್ಟಗಿದ್ದವರು ಕೊನೆಗೆ 5 ಮೀಟರ್ ಆಳದಲ್ಲಿ ಸೇಫ್ಟಿ ಸ್ಟಾಪಿಗೆ (ಮೇಲೇಳುವ ಮೊದಲು ಕೆಲವು ನಿಮಿಷದ ನಿಲುಗಡೆ) ನಿಲ್ಲಲಾಗದೆ ಬೆಂಡಿನ ಹಾಗೆ ಮೇಲೆ ತೇಲಿಬಿಡುವುದು ಇದರಿಂದಲೇ. ಬಲವಾದ ಸೆಳೆತ ಇರುವ ಜಾಗದಲ್ಲಿ ಇದನ್ನು ಕಂಡುಕೊಳ್ಳುವುದಕ್ಕಿಂತ ಮೊದಲ ದಿನ ಕಂಡುಕೊಳ್ಳುವುದು ಮೇಲು.

ನಾನು ಗೈಡ್ ಆಗಿ ದುಡಿಯುತ್ತಿದ್ದಾಗ ಚೆಕ್ ಡೈವಿನಲ್ಲಿ ಮಾಸ್ಕ್ ತೆಗೆಸಿ ಹಾಕಿಸುವುದರ ಮೇಲೆ ನನ್ನ ಗಮನ ಇರುತ್ತಲೇ ಇರಲಿಲ್ಲ. ಕೈಯಾಡಿಸದೆ ನಿಂತಲ್ಲೇ ನಿಲ್ಲುತ್ತಾರೆಯೇ, ಜೊತೆಗಾರ ಎಲ್ಲಿದ್ದಾನೆಂದು ತಾವಾಗಿಯೇ ತಿರುಗಿ ನೋಡುತ್ತಾರೆಯೇ, ನಾನು ಸನ್ನೆ ಮಾಡುವ ಮೊದಲೇ ಗೇಜಿನ ಮೇಲೆ ಕಣ್ಣು ಹಾಯಿಸುತ್ತಾರೆಯೇ ಎಂದು ನೋಡುತ್ತಿದ್ದೆ. ಹತ್ತು ನಿಮಿಷದಲ್ಲಿ ಅವರು ಎಷ್ಟು ಪಳಗಿದ್ದಾರೆಂದು ತಿಳಿದುಬಿಡುತ್ತದೆ. ನಿಮ್ಮ ಆಪರೇಟರ್ ಎಡವಿದ್ದು ಇದರ ನಂತರ. ನಿಮ್ಮನ್ನು ನೀರಿನಲ್ಲಿ ನೋಡಿಯೂ, ನೋಡಿದ್ದನ್ನು ಗುಂಪು ಕಟ್ಟುವಾಗ ಬಳಸಲಿಲ್ಲ. ಹಾಗಾದರೆ ಆ ಚೆಕ್ ಡೈವ್ ಯಾರಿಗಾಗಿ ಮಾಡಿಸಿದ್ದು?

ನೀವು ಕೊಟ್ಟ ಅಂಕಿಗಳನ್ನೇ ತೆಗೆದುಕೊಳ್ಳೋಣ. 200 ಬಾರ್‌ನಿಂದ ಶುರುವಾಗಿದ್ದರೆ 35 ನಿಮಿಷದಲ್ಲಿ ನೀವು ಬಳಸಿದ್ದು 90 ಬಾರ್, ಅಂದರೆ 1,080 ಲೀಟರ್ ಗಾಳಿ. ಸರಾಸರಿ ಆಳ 15 ಮೀಟರ್ ಎಂದುಕೊಂಡರೆ ಅಲ್ಲಿ ಒತ್ತಡ ಮೇಲ್ಮೈಯ ಎರಡೂವರೆ ಪಟ್ಟು. ಹಾಗಾಗಿ ಮೇಲ್ಮೈಯ ಲೆಕ್ಕದಲ್ಲಿ ನಿಮ್ಮ ಉಸಿರು ನಿಮಿಷಕ್ಕೆ ಸುಮಾರು 12 ಲೀಟರ್. ಅದೇ ಆಳದಲ್ಲಿ, ಅದೇ ಗಾತ್ರದ ಸಿಲಿಂಡರಿನಲ್ಲಿ 150 ಬಾರ್ ಮುಗಿಸಿದ ಹೊಸಬರದು 20 ಲೀಟರಿಗೂ ಹೆಚ್ಚು. ಅವರಲ್ಲಿ ತಪ್ಪು ಹುಡುಕಬೇಡಿ, ಎಲ್ಲರೂ ಅಲ್ಲಿಂದಲೇ ಬಂದವರು. 50 ಬಾರ್ ಉಳಿಸಿಕೊಂಡೂ ನಿಮಗೆ ಇನ್ನು 20 ನಿಮಿಷಕ್ಕೂ ಮಿಕ್ಕಿ ಗಾಳಿ ಇತ್ತು. ಇಷ್ಟು ಅಂತರವಿರುವ ಇಬ್ಬರನ್ನು ಒಬ್ಬನೇ ಗೈಡ್ ಕೈಗೆ ಕೊಟ್ಟರೆ ಇಬ್ಬರಿಗೂ ಅನ್ಯಾಯ. ಹಿಂದೆ ಅನುಭವಿಗಳು ಕಾಯುತ್ತಿದ್ದಾರೆ ಎಂಬ ಮುಜುಗರಕ್ಕೆ ಗಾಳಿ ಕಡಿಮೆಯಾದದ್ದನ್ನು ತಡವಾಗಿ ಹೇಳಿದ ಹೊಸಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಹೆಚ್ಚು ಭಯ ಅದರದ್ದೇ.

ಕೆಲಸ ಬಲ್ಲ ಆಪರೇಟರಿಗೆ ಇದನ್ನು ಸರಿಪಡಿಸುವ ದಾರಿಗಳು ಗೊತ್ತಿರುತ್ತವೆ. ಗಾಳಿಯ ಖರ್ಚು ನೋಡಿ ಗುಂಪು ಮಾಡುತ್ತಾರೆ. ಇಬ್ಬರು ಗೈಡುಗಳಿದ್ದರೆ ಒಬ್ಬರು ಹೊಸಬರನ್ನು ಮೇಲೆ ಬಿಟ್ಟು ಬರುತ್ತಾರೆ. ಬೇಗ ಗಾಳಿ ಮುಗಿಯುವವರಿಗೆ 15 ಲೀಟರ್ ಸಿಲಿಂಡರ್ ಕೊಡುತ್ತಾರೆ. ಸೆಳೆತ ಕಡಿಮೆ ಇರುವ ಜಾಗದಲ್ಲಿ, ಬಲ್ಲ ಜೋಡಿಗೆ ತಮ್ಮದೇ ಸರ್ಫೇಸ್ ಮಾರ್ಕರ್ (ತಾವಿರುವ ಜಾಗವನ್ನು ದೋಣಿಗೆ ತೋರಿಸುವ ತೇಲುವ ಗುರುತು) ಬಿಟ್ಟುಕೊಂಡು ಗುಂಪಿಗಿಂತ ತಡವಾಗಿ ಏಳಲು ಒಪ್ಪಿಗೆ ಕೊಡುತ್ತಾರೆ.

ನಾನು ಆಪರೇಟರುಗಳನ್ನು ಅಳೆಯುವುದು ಒಂದೇ ರೀತಿ. ಸಮುದ್ರ, ಗಾಳಿ, ದೋಣಿ ಈ ಮೂರರಲ್ಲಿ ಅವರು ಬಗ್ಗಬಾರದು. ನಿಮ್ಮ ಸಮಯ, ನಿಮ್ಮ ದಾರಿ, ನಿಮ್ಮ ಜೊತೆಗಾರ ಈ ಮೂರರಲ್ಲಿ ವಿನಾಕಾರಣ ಅಡ್ಡಬರಬಾರದು. "ನೀವು ಅನುಭವಿಗಳು, ನಿಮಗೇನು ಹೇಳುವುದು" ಎಂದು ಬ್ರೀಫಿಂಗನ್ನೇ ಬಿಟ್ಟುಬಿಡುವವರನ್ನು ಕೆಲವು ಹಳಬರು ಮೆಚ್ಚುತ್ತಾರೆ. ನಾನಂತೂ ಅಂಥ ದೋಣಿ ಹತ್ತುವುದಿಲ್ಲ. ಸೆಳೆತ ಯಾವ ಕಡೆಗೆ, ಎಷ್ಟು ಆಳದಲ್ಲಿ ತಿರುಗುತ್ತದೆ, ಬೇರ್ಪಟ್ಟರೆ ಎಷ್ಟು ಹೊತ್ತು ಹುಡುಕಿ ಮೇಲೇಳಬೇಕು, ದೋಣಿ ಎಲ್ಲಿ ಕಾಯುತ್ತದೆ ಎಂಬ ಮಾಹಿತಿ ಹೆಚ್ಚು ಬೇಕಿರುವುದು ಗೈಡನ್ನು ಬಿಟ್ಟು ತಮ್ಮ ದಾರಿಯಲ್ಲಿ ಹೋಗುವವರಿಗೇ.

ಕಾದಿರಿಸುವ ಮೊದಲು ಕೇಳಬೇಕಾದದ್ದಕ್ಕೆ ಬರುತ್ತೇನೆ. ಗುಂಪು ಹೇಗೆ ಕಟ್ಟುತ್ತೀರಿ ಎಂದು ಕೇಳಿ. ಆಮೇಲೆ, ಕೊನೆಯ ಸಲ ಡೈವ್ ರದ್ದು ಮಾಡಿದ್ದು ಯಾಕೆ ಎಂದು ಕೇಳಿ. ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಸಮುದ್ರದ ಮೇಲೆ ದುಡಿಯುವ ಯಾರೂ ಒಂದಲ್ಲ ಒಂದು ದಿನ ದೋಣಿ ಹಿಂತಿರುಗಿಸಿಯೇ ಇರುತ್ತಾರೆ. ಅಲೆ ಎದ್ದಿತ್ತು, ಎರಡನೇ ಜಾಗಕ್ಕೆ ಹೋದೆವು, ಅಲ್ಲೂ ಆಗಲಿಲ್ಲ, ಮರಳಿದೆವು ಎಂದು ವಿವರ ಕೊಟ್ಟರೆ ನಂಬಬಹುದು. "ನಾವು ಯಾವತ್ತೂ ರದ್ದು ಮಾಡುವುದಿಲ್ಲ" ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಅವರು ನಿಮ್ಮನ್ನು ಮರಳಿ ಪ್ರಶ್ನಿಸುತ್ತಾರೋ ಇಲ್ಲವೋ ಅದನ್ನೂ ಗಮನಿಸಿ. ಎಷ್ಟು ಡೈವ್ ಆಗಿದೆ ಎಂದು ಎಲ್ಲರೂ ಕೇಳುತ್ತಾರೆ. ಕೊನೆಯ ಡೈವ್ ಯಾವಾಗ, ಎಂಥ ನೀರಿನಲ್ಲಿ ಎಂದು ಕೇಳುವವರು ಕೆಲಸ ಬಲ್ಲವರು. ನಿಮ್ಮ ಸ್ವಂತ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಉಪಕರಣ) ಡಿನ್ ಮಾದರಿಯದ್ದಾದರೆ, ಅಂದರೆ ವಾಲ್ವಿಗೆ ತಿರುಗಿಸಿ ಕೂರಿಸುವಂಥದ್ದಾದರೆ, ಅವರ ಸಿಲಿಂಡರ್ ವಾಲ್ವಿಗೆ ಕೂರುತ್ತದೆಯೇ ಎಂದೂ ಆಗಲೇ ವಿಚಾರಿಸಿ. ಬಾಗಿಲಿಗೆ ಹಾಕಿದ ತರಬೇತಿ ಸಂಸ್ಥೆಗಳ ಫಲಕಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಲ್ಲಿ ಯಾವ ಕೋರ್ಸುಗಳು ಸಿಗುತ್ತವೆ ಎಂದು ಅವುಗಳಿಂದ ತಿಳಿಯಬಹುದು, ಇವತ್ತಿನ ದೋಣಿಯಲ್ಲಿ ಯಾರಿದ್ದಾರೆ ಎಂದು ತಿಳಿಯುವುದಿಲ್ಲ.

ದೋಣಿಯಲ್ಲಿ ಒಂದು ವಿಷಯದಲ್ಲಿ ಮಾತ್ರ ಮುಲಾಜು ಬೇಡ. ನೀರಿಗಿಳಿಯುವ ಮೊದಲು, ಮೇಲೆ ಬಂದ ಮೇಲೆ, ದೋಣಿ ಹೊರಡುವ ಮೊದಲು ಪ್ರತಿಯೊಬ್ಬರ ಹೆಸರು ಕೂಗಿ, ಅವರವರ ಬಾಯಿಂದಲೇ ಉತ್ತರ ಪಡೆಯಬೇಕು. ಬರೀ ತಲೆ ಎಣಿಸಿದರೆ ಸಾಲದು. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ಅವರ ಡೈವ್ ದೋಣಿ ದಡಕ್ಕೆ ಮರಳಿತು. ಅವರು ಇಲ್ಲ ಎಂದು ಗೊತ್ತಾದದ್ದು ಎರಡು ದಿನದ ನಂತರ, ದೋಣಿಯಲ್ಲಿ ಉಳಿದಿದ್ದ ಅವರ ಚೀಲ ಕಣ್ಣಿಗೆ ಬಿದ್ದಾಗ. ಅವರು ಮತ್ತೆ ಸಿಗಲೇ ಇಲ್ಲ. ನೀರೊಳಗೆ ಎಷ್ಟೇ ಪಳಗಿದವರಾದರೂ ಮೇಲೆದ್ದಾಗ ದೋಣಿಯೇ ಇಲ್ಲದಿದ್ದರೆ ಮಾಡುವುದೇನು? ಹೆಸರು ಕೂಗುವಾಗ "ನಾನು ಇಲ್ಲೇ ಇದ್ದೇನಲ್ಲ" ಎಂದು ಸಿಡುಕುವ ಅನುಭವಿ ಡೈವರುಗಳನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಆಮ್ಲಜನಕದ ಪೆಟ್ಟಿಗೆ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ತೆರೆದು ತೋರಿಸಿ ಎನ್ನಿ. ಡಿಕಂಪ್ರೆಷನ್ ತೊಂದರೆಯಾದವರಿಗೆ (ಮೇಲೇಳುವಾಗ ಒತ್ತಡ ಇಳಿದು ದೇಹದೊಳಗೆ ಗುಳ್ಳೆ ಎದ್ದವರಿಗೆ) ನಿಮಿಷಕ್ಕೆ 15 ಲೀಟರಿನಂತೆ ಕೊಟ್ಟರೆ 400 ಲೀಟರಿನ ಸಿಲಿಂಡರ್ ಅರ್ಧ ಗಂಟೆಯೊಳಗೆ ಬರಿದಾಗುತ್ತದೆ. ದಡಕ್ಕೆ ಎರಡು ಗಂಟೆಯ ದಾರಿ ಇದ್ದರೆ ಅಷ್ಟು ಆಮ್ಲಜನಕ ಯಾವುದಕ್ಕೂ ಸಾಲದು. ಒಂದು ದೋಣಿಯಲ್ಲಿ ಪೆಟ್ಟಿಗೆ ಹೊಚ್ಚ ಹೊಸದಾಗಿತ್ತು, ಸಿಲಿಂಡರ್ ತುಂಬಿತ್ತು, ಆದರೆ ವಾಲ್ವ್ ತಿರುಗಿಸುವ ಕೀಲಿ ದಡದ ಆಫೀಸಿನಲ್ಲಿತ್ತು. ಹೇಳಿದ ಕೂಡಲೇ ನಾಯಕ ಹೊರಡುವುದನ್ನು ನಿಲ್ಲಿಸಿ ಹುಡುಗನನ್ನು ಓಡಿಸಿ ತರಿಸಿದ. ಅವನ ದೋಣಿಯಲ್ಲಿ ನಾನು ಮತ್ತೆ ಮತ್ತೆ ಹೋಗಿದ್ದೇನೆ.

ಪ್ರಶ್ನೆ: ಸಿಲಿಂಡರಿನೊಳಗಿನ ಗಾಳಿ ಚೆನ್ನಾಗಿದೆಯೇ ಎಂದು ಗಿರಾಕಿಗಳಾದ ನಾವು ತಿಳಿಯಲು ಸಾಧ್ಯವೇ? ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಬಳಸುವವರು ಇನ್ನೇನು ನೋಡಬೇಕು?

ಉತ್ತರ: ಕಂಪ್ರೆಸರ್ ಇಟ್ಟಿರುವ ಜಾಗ ತೋರಿಸಿ ಎಂದು ಕೇಳಿ. ಗಾಳಿ ಎಳೆಯುವ ಕೊಳವೆಯ ಬಾಯಿ ಎಲ್ಲಿದೆ ನೋಡಿ. ಅದರ ಹತ್ತಿರ ಜನರೇಟರೋ, ದೋಣಿಯ ಎಂಜಿನ್ನೋ ಹೊಗೆ ಉಗುಳುತ್ತಿದ್ದರೆ ಆ ಹೊಗೆ ನಿಮ್ಮ ಸಿಲಿಂಡರಿಗೆ ಹೋಗುತ್ತದೆ. ಗಾಳಿ ಬೀಸುವ ದಿಕ್ಕು ಬದಲಾದರೆ ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕೆಡಬಹುದು. ಕಂಪ್ರೆಸರ್ ವಿಪರೀತ ಕಾದು ಒಳಗಿನ ಎಣ್ಣೆ ಸುಟ್ಟರೂ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಉಸಿರಾಟದ ಗಾಳಿಗೆ ಯುರೋಪಿನ ಇಎನ್ 12021 ಮಾನದಂಡ ಹಾಕಿರುವ ಮಿತಿ ದಶಲಕ್ಷಕ್ಕೆ 5 ಭಾಗ. ಮಿತಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗುವುದರಿಂದ ಈ ವಿಷಾನಿಲದ ಪ್ರಭಾವವೂ ಅಷ್ಟೇ ಏರುತ್ತದೆ. ಅದಕ್ಕೆ ವಾಸನೆ ಇಲ್ಲ. ಗಾಳಿಯಲ್ಲಿ ಎಣ್ಣೆಯ ಅಥವಾ ಹೊಗೆಯ ವಾಸನೆ ಬಂದರೆ ಆ ಸಿಲಿಂಡರ್ ಬೇಡವೇ ಬೇಡ, ಆದರೆ ವಾಸನೆ ಇಲ್ಲ ಎಂಬ ಧೈರ್ಯದಲ್ಲಿ ಇಳಿಯಲೂ ಬಾರದು. ಕೈಯಲ್ಲಿ ಹಿಡಿಯುವ ಅಳತೆಯ ಉಪಕರಣಗಳು ಸಿಗುತ್ತವೆ. ಪದೇ ಪದೇ ಡೈವಿಂಗಿಗೆ ಹೋಗುವವರು ಒಂದು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಫಿಲ್ಟರ್ ಎಷ್ಟು ಗಂಟೆ ಓಡಿದೆ, ಯಾವಾಗ ಬದಲಿಸಿದರು ಎಂಬ ಪುಸ್ತಕವನ್ನೂ ಕೇಳಿ. ಇಟ್ಟವರು ಸಂತೋಷದಿಂದ ತೋರಿಸುತ್ತಾರೆ.

ನೈಟ್ರಾಕ್ಸಿನ ವಿಷಯ ಇನ್ನೂ ಸರಳ. ಆಮ್ಲಜನಕ ಎಷ್ಟಿದೆ ಎಂದು ನಿಮ್ಮ ಕೈಯಾರೆ ಅಳೆದು, ಸಿಲಿಂಡರಿನ ಮೇಲೆ ಬರೆದು, ಅವರ ಪುಸ್ತಕದಲ್ಲಿ ಸಹಿ ಹಾಕಬೇಕು. ನೀರೊಳಗೆ ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ಮೀರದಂತೆ ನೋಡಿಕೊಂಡರೆ ಶೇ 32ರ ಮಿಶ್ರಣಕ್ಕೆ ಗರಿಷ್ಠ ಆಳ 33 ಮೀಟರ್, ಶೇ 36ಕ್ಕೆ 28 ಮೀಟರ್. ಚೀಟಿ ಅದಲುಬದಲಾದರೆ ಮಿತಿಗಿಂತ 5 ಮೀಟರ್ ಕೆಳಗಿರುತ್ತೀರಿ, ಅತಿಯಾದ ಆಮ್ಲಜನಕದಿಂದ ನೀರೊಳಗೆ ಫಿಟ್ಸ್ ಬಂದರೆ ಬಾಯಿಂದ ರೆಗ್ಯುಲೇಟರ್ ಕಳಚಿಕೊಳ್ಳುತ್ತದೆ. "ನಾವೇ ಅಳೆದಿದ್ದೇವೆ, ಚಿಂತೆ ಬೇಡ" ಎನ್ನುವ ಕಡೆ ನೈಟ್ರಾಕ್ಸ್ ಮುಟ್ಟಬೇಡಿ.

ಪ್ರಶ್ನೆ: ಮೊದಲ ಬಾರಿ ನಾವು ದಂಪತಿ ವಾರವಿಡೀ ಡೈವ್ ಹಡಗಿನಲ್ಲೇ ಉಳಿಯುವ ಪ್ರವಾಸಕ್ಕೆ ಹೋಗುತ್ತಿದ್ದೇವೆ. ಡೈವಿಂಗ್ ಬಗ್ಗೆ ಅಂಜಿಕೆ ಇಲ್ಲ. ಹಡಗಿನ ಬಗ್ಗೆ ಏನು ಕೇಳಬೇಕು?

ಉತ್ತರ: ರಾತ್ರಿ ಎಲ್ಲರೂ ಮಲಗಿದಾಗ ಎಚ್ಚರವಿದ್ದು ಓಡಾಡುವ ಕಾವಲಿನವರು ಯಾರು ಎಂದು ಕೇಳಿ. 2019ರ ಸೆಪ್ಟೆಂಬರ್ 2ರ ಬೆಳಗಿನ ಜಾವ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ಕನ್ಸೆಪ್ಶನ್ ಎಂಬ ಡೈವ್ ಹಡಗಿಗೆ ಬೆಂಕಿ ಬಿತ್ತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿಯೂ ಸತ್ತರು. ಕಾವಲಿಗೆ ಯಾರೂ ಇರಲಿಲ್ಲ. ಮಲಗುವ ಕೋಣೆಯಿಂದ ಹೊರಬರಲು ಇದ್ದ ಎರಡೂ ದಾರಿಗಳು ಉರಿಯುತ್ತಿದ್ದ ಒಂದೇ ಹಜಾರಕ್ಕೆ ತೆರೆಯುತ್ತಿದ್ದವು. ಹಡಗಿನ ಕ್ಯಾಪ್ಟನ್ 2023ರಲ್ಲಿ ಅಪರಾಧಿ ಎಂದು ಸಾಬೀತಾಯಿತು.

ಹತ್ತಿದ ಮೊದಲ ಸಂಜೆಯೇ ನಿಮ್ಮ ಕೋಣೆಯಿಂದ ತುರ್ತು ದಾರಿಯಲ್ಲಿ ನೀವೇ ಮೇಲೆ ಹತ್ತಿ ನೋಡಿ. ಇಬ್ಬರೂ ಹತ್ತಬೇಕು. ಆ ಕಿಂಡಿಯ ಮೇಲೆ ಹಾಸಿಗೆ, ಪೆಟ್ಟಿಗೆ ಏನಾದರೂ ಇಟ್ಟಿದ್ದರೆ ತೆಗೆಸಿ. ಅದು ಎಲ್ಲಿಗೆ ತೆರೆದುಕೊಳ್ಳುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿ. ಟಾರ್ಚು, ಕ್ಯಾಮೆರಾಗಳ ಲಿಥಿಯಂ ಬ್ಯಾಟರಿಗಳನ್ನು ರಾತ್ರಿಯಿಡೀ ಯಾರೂ ನೋಡದ ಜಾಗದಲ್ಲಿ ಚಾರ್ಜಿಗೆ ಹಾಕಲು ಬಿಡುವ ಹಡಗು ನನಗೆ ಒಪ್ಪಿಗೆಯಿಲ್ಲ. ಜೊತೆಗೆ ಪ್ರಯಾಣಿಸುವವರು ಹಾಗೆ ಮಾಡಿದರೂ ಸಿಬ್ಬಂದಿಗೆ ಹೇಳಿ, ಸಂಕೋಚ ಬೇಡ.

ಪ್ರಶ್ನೆ: ನಾನು ನೀರೊಳಗೆ ಫೋಟೊ ತೆಗೆಯುತ್ತೇನೆ. ಒಬ್ಬ ಗೈಡ್ ನನ್ನ ಫ್ರೇಮಿಗೆ ಸರಿಹೊಂದಲೆಂದು ಪುಟ್ಟ ಜೀವಿಗಳನ್ನು ಕಡ್ಡಿಯಿಂದ ತಳ್ಳಿ ಕೂರಿಸಿ ಕೊಟ್ಟ. ಬೇಡವೆಂದರೆ ಅವನಿಗೆ ಬೇಸರವಾದೀತೇ?

ಉತ್ತರ: ಬೇಸರವಾಗಲಿ, ಬೇಡವೆನ್ನಿ. ಆದರೆ ನೀರಿಗಿಳಿಯುವ ಮೊದಲು ಹೇಳಿ, ಒಬ್ಬನೇ ಇರುವಾಗ ಹೇಳಿ. ಫೋಟೊ ತೆಗೆಯುವವರು ಖುಷಿಯಾಗಲಿ ಎಂದೇ ಗೈಡುಗಳು ಇದನ್ನು ಕಲಿತಿರುತ್ತಾರೆ. "ನೀನು ತೋರಿಸು ಸಾಕು, ನಾನು ಕಾಯುತ್ತೇನೆ" ಎಂದರೆ ಬಹುಪಾಲು ಗೈಡುಗಳಿಗೆ ನಿರಾಳವೇ ಆಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2004ರಲ್ಲಿ ಆರಂಭಿಸಿದ ಗ್ರೀನ್ ಫಿನ್ಸ್ ಯೋಜನೆಗೆ ಸೇರಿದ ಡೈವ್ ಸೆಂಟರುಗಳು ಹವಳವನ್ನೂ ಜೀವಿಗಳನ್ನೂ ಮುಟ್ಟಬಾರದೆಂಬ ನಿಯಮಕ್ಕೆ ಒಪ್ಪಿರುತ್ತವೆ. ಮುಂದಿನ ಸಲ ಅಂಥ ಕಡೆ ಕಾದಿರಿಸಿ. ಫೋಟೊಗಾಗಿ ಒಂದೇ ಬಂಡೆಯ ಮುಂದೆ ಅರ್ಧ ಗಂಟೆ ನಿಲ್ಲುವವರು ನೀವಾದರೆ ಅದನ್ನೂ ಮೊದಲೇ ತಿಳಿಸಿ, ಅಷ್ಟೇ ತಾಳ್ಮೆಯ ಜೊತೆಗಾರರನ್ನು ಕೊಡಲು ಅವರಿಗೆ ಅನುಕೂಲ.