ಸೆಳೆತದ ಮಾತ್ರೆ ಮತ್ತು ಕಿವಿಯ ಮೊರೆತ

ಡೊಂಬಿವಲಿಯ ಹಿರಿಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ಅವರ ಯಜಮಾನರಿಗೆ ಈಗ 72 ವರ್ಷ. ರಾತ್ರಿ ಮೀನಖಂಡ ಹಿಡಿದುಕೊಂಡು ಚೀರುವಂತಾಗುತ್ತಿದ್ದುದರಿಂದ ವೈದ್ಯರೊಬ್ಬರು ಒಂದೂವರೆ ವರ್ಷದ ಹಿಂದೆ 300 ಮಿಲಿಗ್ರಾಂ ಕ್ವಿನೈನ್ ಮಾತ್ರೆಯನ್ನು ಮಲಗುವ ಮುನ್ನ ತೆಗೆದುಕೊಳ್ಳಲು ಬರೆದುಕೊಟ್ಟರು. ಸೆಳೆತ ಸ್ವಲ್ಪ ಇಳಿಯಿತು. ಜೋರಾದ ರಾತ್ರಿಗಳಲ್ಲಿ ಅವರು ತಾವಾಗಿಯೇ ಎರಡು ಮಾತ್ರೆ ನುಂಗುವುದೂ ಉಂಟು. ಈಗ ಕೆಲವು ತಿಂಗಳಿಂದ ಕಿವಿಯಲ್ಲಿ ಜುಂಯ್ ಎನ್ನುವ ಸದ್ದು, ತಲೆನೋವು, ಕಣ್ಣು ಮಂಜಾದಂತೆ. ಮಕ್ಕಳು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ಇದು ಮಾತ್ರೆಯಿಂದಲೇ? ನಿಲ್ಲಿಸಿದರೆ ಕಾಲಿಗೆ ಗತಿಯೇನು?

ಮಾನ್ಯರೇ,

ನಿಮ್ಮ ಪತ್ರದ ಜೊತೆಗಿದ್ದ ಔಷಧಿ ಚೀಟಿಯ ನಕಲನ್ನು ಓದಿದ ದಿನವೇ ನಾನು ನಿಮಗೆ ದೂರವಾಣಿ ಮಾಡಿದ್ದು, ಸಂಚಿಕೆ ಹೊರಬರುವವರೆಗೆ ಕಾಯುವ ವಿಷಯ ಇದಲ್ಲ ಎಂದು ತೋರಿದ್ದರಿಂದ. ಅಂದು ಸಂಜೆಯೇ ವೈದ್ಯರನ್ನು ಕಂಡು ಬಂದಿರಿ, ಕ್ವಿನೈನ್ ನಿಂತಿದೆ, ಹೃದಯದ ಇಸಿಜಿ ಆಗಿದೆ ಎಂದು ತಿಳಿದು ಸಮಾಧಾನವಾಯಿತು. ನಾನು ವೈದ್ಯನಲ್ಲ, ಆದರೆ ನಿಮ್ಮ ಪ್ರಶ್ನೆ ನಮ್ಮ ಅನೇಕ ಮನೆಗಳ ಪ್ರಶ್ನೆಯೂ ಆಗಿರುವುದರಿಂದ ತಿಳಿದಷ್ಟನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕಿವಿಯ ಮೊರೆತ, ತಲೆನೋವು, ವಾಕರಿಕೆ, ತಲೆಸುತ್ತು, ಮಸುಕಾದ ದೃಷ್ಟಿ ಇವೆಲ್ಲ ಒಟ್ಟಿಗೆ ಕಾಣಿಸಿಕೊಂಡರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಸಿಂಕೋನಿಸಂ ಎಂಬ ಹೆಸರೇ ಇದೆ. ಕ್ವಿನೈನ್ ಸಿಂಕೋನಾ ಮರದ ತೊಗಟೆಯಿಂದ ಬಂದದ್ದು, ಹೆಸರು ಆ ಮರದ್ದು. ಔಷಧದ ಪ್ರಮಾಣ ಹೆಚ್ಚಿದಂತೆ ಇದೂ ಹೆಚ್ಚುತ್ತದೆ, ನಿಲ್ಲಿಸಿದಾಗ ಸಾಮಾನ್ಯವಾಗಿ ಇಳಿಯುತ್ತದೆ. ಒಮ್ಮೆ ನುಂಗಿದ ಕ್ವಿನೈನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಯುವಕರಲ್ಲಿ ಸುಮಾರು 10 ಗಂಟೆ ಸಾಕಾದರೆ, 65 ದಾಟಿದವರಲ್ಲಿ ಸುಮಾರು 18 ಗಂಟೆ ಬೇಕು. ಅಂದರೆ ಇಂದಿನ ಮಾತ್ರೆ ಪೂರ್ತಿ ಕರಗಿಹೋಗುವ ಮೊದಲೇ ನಾಳೆಯದು ಹೊಟ್ಟೆ ಸೇರುತ್ತದೆ. ಎರಡು ನುಂಗಿದ ರಾತ್ರಿಯ ಮಾತಂತೂ ಹೇಳಬೇಕಿಲ್ಲ. ಆದ್ದರಿಂದ ‘ವಯಸ್ಸಾಯಿತಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ: ವಯಸ್ಸು ಆ ಸದ್ದನ್ನು ತರಲಿಲ್ಲ, ಮಾತ್ರೆಯನ್ನು ಮೈಯಲ್ಲಿ ಹೆಚ್ಚು ಹೊತ್ತು ಉಳಿಸಿತು. ನನ್ನ ತಂದೆಯ ಕೊನೆಯ ವರ್ಷಗಳಲ್ಲಿ ಅವರ ತಲೆಸುತ್ತನ್ನು ನಾವೂ ವಯಸ್ಸಿನ ಲೆಕ್ಕಕ್ಕೇ ಬರೆದೆವು, ಅವರು ನುಂಗುತ್ತಿದ್ದ ಮಾತ್ರೆಗಳ ಪಟ್ಟಿಯನ್ನು ಯಾರೂ ಎದುರಿಗಿಟ್ಟುಕೊಂಡು ಓದಲಿಲ್ಲ. ಆ ನೋವು ನನಗೆ ಇಂದಿಗೂ ಇದೆ.

ಮಲೇರಿಯಾದ ಔಷಧ ಕಾಲಿಗೇಕೆ ಎಂದೂ ಕೇಳಿದ್ದೀರಿ. ನರವು ಕೊಡುವ ಪ್ರಚೋದನೆಗೆ ಸ್ನಾಯು ಪದೇ ಪದೇ ಬಿಗಿದುಕೊಳ್ಳುವುದನ್ನು ಕ್ವಿನೈನ್ ತಗ್ಗಿಸುತ್ತದೆ. ರಾತ್ರಿಯ ಸೆಳೆತಕ್ಕೆ ಇದು ಉಪಯುಕ್ತವೆಂದು 1940ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಮೇಲೆ ದಶಕಗಳ ಕಾಲ ಲೋಕವೆಲ್ಲ ಅದನ್ನು ನುಂಗಿತು. ಪ್ರಯೋಜನ ಸುಳ್ಳಲ್ಲ, ಆದರೆ ದೊಡ್ಡದೂ ಅಲ್ಲ: ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆಯ ಪ್ರಕಾರ ಎರಡು ವಾರಗಳಲ್ಲಿ ಸೆಳೆತಗಳ ಸಂಖ್ಯೆ ಶೇ. 28ರಷ್ಟು ಕಡಿಮೆಯಾಗುತ್ತದೆ. ಈ ಲಾಭಕ್ಕೆ ತೆರಬೇಕಾದ ಬೆಲೆ ಹೆಚ್ಚೆಂದು ಕಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಚೀಟಿಯಿಲ್ಲದೆ ಸೆಳೆತಕ್ಕೆ ಕ್ವಿನೈನ್ ಮಾರುವುದನ್ನು 1994ರ ಆದೇಶದಿಂದ ತಡೆಯಿತು. 2006ರಲ್ಲಿ ಅನುಮೋದನೆಯಿಲ್ಲದ ಕ್ವಿನೈನ್ ಮಾತ್ರೆಗಳನ್ನೆಲ್ಲ ಮಾರುಕಟ್ಟೆಯಿಂದ ತೆಗೆಯಿಸಿತು. ಬ್ರಿಟನ್ನಿನ ನಿಯಂತ್ರಕರು 2010ರಲ್ಲಿ ಕೊಟ್ಟ ಸೂಚನೆ ಅಷ್ಟು ಕಠಿಣವಲ್ಲದಿದ್ದರೂ ಸ್ಪಷ್ಟವಾಗಿದೆ: ಬೇರೆ ಉಪಾಯಗಳು ಸೋತು ನಿದ್ರೆ ಕೆಡುತ್ತಿದ್ದರೆ ಮಾತ್ರ ಕೊಡಬೇಕು, ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು, ಗುಣ ಕಂಡರೂ ಮೂರು ತಿಂಗಳಿಗೊಮ್ಮೆ ಬಿಟ್ಟು ನೋಡಬೇಕು. ನಿಮ್ಮ ಯಜಮಾನರ ಚೀಟಿಯಲ್ಲಿ ಮಾತ್ರೆ ಆರಂಭಿಸಿದ ದಿನಾಂಕ ಇತ್ತು, ನಿಲ್ಲಿಸುವ ದಿನಾಂಕ ಇರಲಿಲ್ಲ. ಅದೇ ಚೀಟಿ ತೋರಿಸಿ ಒಂದೂವರೆ ವರ್ಷ ಮಾತ್ರೆ ತಂದಿರಿ. ಔಷಧಿ ಅಂಗಡಿಯವರೂ ಕೇಳಲಿಲ್ಲ.

ಕಿವಿಯ ಸದ್ದಿಗಿಂತ ನಾನು ಹೆಚ್ಚು ಹೆದರಿದ್ದು ರಕ್ತದ ಬಗ್ಗೆ. ಬಹಳ ಕಡಿಮೆ ಜನರಲ್ಲಾದರೂ, ಕ್ವಿನೈನ್ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಮೇಲೆಯೇ ತಿರುಗಿಸಿಬಿಡುತ್ತದೆ. ಪ್ಲೇಟ್‌ಲೆಟ್ ಕುಸಿದು ಚರ್ಮದಡಿ ಕೆಂಪು ಚುಕ್ಕೆಗಳು ಏಳುತ್ತವೆ, ವಸಡಿನಿಂದ ಮೂಗಿನಿಂದ ರಕ್ತ ಬರುತ್ತದೆ, ಕೆಲವೊಮ್ಮೆ ಮೂತ್ರಪಿಂಡವೂ ಕೆಡುತ್ತದೆ. ಇದು ಪ್ರಮಾಣವನ್ನು ಅವಲಂಬಿಸಿದ್ದಲ್ಲ. ಒಂದೇ ಮಾತ್ರೆಯೂ ಸಾಕು, ಟಾನಿಕ್ ವಾಟರ್ ಎಂಬ ಕಹಿ ಪಾನೀಯದಲ್ಲಿರುವ ಅಲ್ಪ ಕ್ವಿನೈನ್ ಕೂಡ ಸಾಕು. ಹಾಗೆ ಒಮ್ಮೆ ಆದವರು ಜೀವಮಾನದಲ್ಲಿ ಮತ್ತೆ ಕ್ವಿನೈನ್ ಮುಟ್ಟಬಾರದು. ದೂರವಾಣಿಯಲ್ಲಿ ಚುಕ್ಕೆಗಳ ವಿಷಯ ಎರಡೆರಡು ಬಾರಿ ಕೇಳಿದ್ದು ಇದಕ್ಕಾಗಿಯೇ. ಇಲ್ಲ ಎಂದಿರಿ, ಆದರೂ ರಕ್ತ ಪರೀಕ್ಷೆ ಆಗಿಹೋಗಲಿ.

ಇನ್ನು ಚೀಟಿಯ ಉಳಿದ ಎರಡು ಮಾತ್ರೆಗಳು. ಹೃದಯ ಬಡಿತಕ್ಕೆ ಇನ್ನೊಬ್ಬ ವೈದ್ಯರು ಕೊಟ್ಟ ಡಿಗಾಕ್ಸಿನ್ ಮತ್ತು ಬಿ.ಪಿ.ಗೆ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆ. ಕ್ವಿನೈನ್ ಜೊತೆಗಿದ್ದರೆ ಡಿಗಾಕ್ಸಿನ್ ರಕ್ತದಲ್ಲಿ ಏರುತ್ತದೆ. ಅದು ಅತಿಯಾದಾಗಲೂ ವಾಕರಿಕೆ ಮತ್ತು ದೃಷ್ಟಿದೋಷವೇ ಬರುವುದರಿಂದ ಕಣ್ಣಿನ ಮಂಜಿಗೆ ಯಾವುದು ಕಾರಣವೆಂದು ಮನೆಯಲ್ಲಿ ಕುಳಿತು ಹೇಳಲಾಗದು. ಮೂತ್ರದ ಮಾತ್ರೆ ಪೊಟ್ಯಾಸಿಯಂ ಇಳಿಸಿದರೆ ಡಿಗಾಕ್ಸಿನ್ ಇನ್ನಷ್ಟು ಅಪಾಯಕಾರಿ. ಅಷ್ಟೇ ಅಲ್ಲ, ಕಾಲಿನ ಸೆಳೆತ ಆ ಮೂತ್ರದ ಮಾತ್ರೆಯಿಂದಲೇ ಆರಂಭವಾಗಿರುವ ಸಾಧ್ಯತೆಯೂ ಇದೆ. ಹಾಗೆಂದು ಈ ಎರಡನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ಇಬ್ಬರೂ ವೈದ್ಯರಿಗೆ ಎಲ್ಲ ಮಾತ್ರೆಗಳ ಪಟ್ಟಿ ಕಡ್ಡಾಯವಾಗಿ ತೋರಿಸಿ, ಸೆಳೆತ ಯಾವ ಮಾತ್ರೆ ಶುರುವಾದ ಮೇಲೆ ಬಂತೆಂದು ನೆನಪು ಮಾಡಿಕೊಂಡು ಹೇಳಿ.

ಅಂಗಡಿಯವರು ಸೂಚಿಸಿದ ‘ನರದ ಮಾತ್ರೆ’ಯಲ್ಲಿ ಗ್ಯಾಬಪೆಂಟಿನ್ ಇದೆ ಎಂದು ನೀವು ಓದಿ ಹೇಳಿದಿರಿ. ಅದು ತೂಕಡಿಕೆ, ತಲೆಸುತ್ತು ತರುತ್ತದೆ; ರಾತ್ರಿ ಎರಡು ಸಲ ಬಚ್ಚಲಿಗೆ ಏಳುವ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವುದು ಬೇಡ. ಪಕ್ಕದ ಮನೆಯವರು ಹೇಳಿದ ಮೆಗ್ನೀಸಿಯಂ ಮಾತ್ರೆಯಿಂದ ಹಿರಿಯರ ಸೆಳೆತಕ್ಕೆ ಹೇಳಿಕೊಳ್ಳುವ ಲಾಭವಿಲ್ಲವೆಂದು 2020ರ ಇನ್ನೊಂದು ಕಾಕ್ರೇನ್ ವಿಮರ್ಶೆ ಹೇಳಿದೆ, ಭೇದಿಯಾದೀತು ಅಷ್ಟೆ. ಮಾಡಬಹುದಾದದ್ದು ಸರಳವಾಗಿದೆ. ಮಲಗುವ ಮುನ್ನ ಗೋಡೆಗೆ ಕೈಯೊತ್ತಿ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಮೀನಖಂಡವನ್ನು ನಿಧಾನವಾಗಿ ಎಳೆಯಬೇಕು. ತೊಡೆಯ ಹಿಂಭಾಗಕ್ಕೂ ಅಂಥದೇ ವ್ಯಾಯಾಮವಿದೆ. 55 ದಾಟಿದ 80 ಮಂದಿಯ ಮೇಲೆ ನೆದರ್ಲೆಂಡ್ಸ್‌ನಲ್ಲಿ ಹೀಗೆ ಆರು ವಾರ ಮಾಡಿಸಿ ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು, ಸೆಳೆತ ಕಡಿಮೆಯಾಗಿತ್ತು. ಹಿಡಿದುಕೊಂಡ ಕ್ಷಣದಲ್ಲಿ ಮೊಣಕಾಲು ನೇರ ಮಾಡಿ ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆಯಿರಿ. ನೀವು ಉಜ್ಜುತ್ತಿದ್ದುದಕ್ಕಿಂತ ಬೇಗ ಬಿಡುತ್ತದೆ.

ಆದದ್ದನ್ನು ಭಾರತದ ಔಷಧ ಸುರಕ್ಷಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಿ. ರೋಗಿಯ ಮನೆಯವರೂ ತಿಳಿಸಬಹುದು. ಒಂದು ಕಾಗದದಲ್ಲಿ ‘ಕ್ವಿನೈನಿನಿಂದ ಕಿವಿ ಮೊರೆತ, ಕಣ್ಣು ಮಂಜು, ಡಿಗಾಕ್ಸಿನ್ ನಡೆಯುತ್ತಿದೆ’ ಎಂದು ಬರೆದು, ಕೆಳಗೆ ಮರಾಠಿಯಲ್ಲೂ ಬರೆಯಿಸಿ, ಯಜಮಾನರ ರೈಲು ಪಾಸಿನ ಜೊತೆ ಇಡಿ. ಮಳೆಗಾಲ ಬಂದರೆ ನಮ್ಮ ಊರಿನಲ್ಲಿ ಮಲೇರಿಯಾ ಬರುವುದು ಹೊಸತಲ್ಲ. ಜ್ವರದಲ್ಲಿ ಅವರನ್ನು ಯಾವುದೋ ಆಸ್ಪತ್ರೆಗೆ ಸೇರಿಸಿದಾಗ, ಕ್ವಿನೈನ್ ಏರಿಸುವ ಮುನ್ನ ಆ ಚೀಟಿ ವೈದ್ಯರ ಕೈಗೆ ಸಿಗಬೇಕು.

— ಸಂಪಾದಕ