ಇಲಿ ಕಡಿದ ಕ್ರಾಪು, ಎರಡು ದೀಪದ ಕಥೆ

ಕುಮಟಾದ ನಿವೃತ್ತ ಅಕ್ಕೋರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಗಾಂಧೀಜಿಯವರ ಕ್ರಾಪಿನ ಪ್ರಸಂಗ ಹಾಕಿದ್ದೀರಿ. ಮಹಾತ್ಮರ ತಲೆಯನ್ನು ಇಲಿ ಕಡಿಯಿತೇ ಎಂದು ಮಕ್ಕಳು ನಗುವುದಕ್ಕೆ ನಿಮ್ಮ ಪತ್ರಿಕೆ ಬೇಕಿತ್ತೆ? ಅದರ ಬದಲು ವಿಶ್ವೇಶ್ವರಯ್ಯನವರ ಎರಡು ದೀಪದ ಕಥೆ ಹಾಕಬಹುದಿತ್ತು. ದೇಶನಾಯಕರ ಬಗ್ಗೆ ಗೌರವ ಹುಟ್ಟಿಸುವಂಥದ್ದನ್ನು ಬರೆಯಿರಿ."

ಅಕ್ಕೋರೇ, ನಮಸ್ಕಾರ. ಹಿಂದಿನವರ ಬಗ್ಗೆ ಬಾಯಿಗೆ ಬಂದದ್ದು ಆಡುವುದೇ ಮೊಬೈಲಿನಲ್ಲಿ ದೊಡ್ಡಸ್ತಿಕೆಯಾಗಿರುವ ಕಾಲ ಇದು. ನಿಮ್ಮ ಕಳವಳ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ, ಅಷ್ಟು ಒಪ್ಪಿದೆವು. ಆದರೆ ಆ ಕ್ರಾಪಿನ ಕಥೆಯನ್ನು ಗಾಂಧೀಜಿಯ ವೈರಿಗಳು ಕಟ್ಟಿದ್ದಲ್ಲ, ಅವರೇ ಆತ್ಮಕಥೆಯಲ್ಲಿ ಬರೆದುಕೊಂಡದ್ದು. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕ ಇವರ ತಲೆ ಮುಟ್ಟಲಿಲ್ಲ. ಸರಿ, ತಾವೇ ಮಷಿನ್ ಕೊಂಡು ಕನ್ನಡಿ ಎದುರು ನಿಂತರು. ಮುಂದಲೆ ಹೇಗೋ ಬಂತು, ಹಿಂದಲೆ ಕೆಟ್ಟಿತು. ಕೋರ್ಟಿನಲ್ಲಿ ಗೆಳೆಯರು ಇಲಿ ಕಡಿಯಿತೇನಪ್ಪಾ ಎಂದು ನಕ್ಕರು. ನೀವು ಇಲಿಯ ಹತ್ತಿರವೇ ನಿಂತುಬಿಟ್ಟಿರಿ. ಅದರ ಮುಂದಿನ ಮಾತು ಓದಬೇಕಿತ್ತು: ಆ ಕ್ಷೌರಿಕನದು ತಪ್ಪಿಲ್ಲ, ಕರಿಯರ ತಲೆ ಕತ್ತರಿಸಿದರೆ ಅವನ ಗಿರಾಕಿ ಹೋಗುತ್ತಿತ್ತು; ನಮ್ಮೂರಲ್ಲಿ ನಾವು ಅಸ್ಪೃಶ್ಯರ ಕ್ಷೌರಕ್ಕೆ ಬಿಡುತ್ತೇವೆಯೇ, ಅದರ ಫಲ ನಾನು ಇಲ್ಲಿ ಉಂಡೆ ಎನ್ನುತ್ತಾರೆ. ನಗಿಸಿದ ಬಾಯಲ್ಲೇ ಹೇಳಿದ್ದರಿಂದ ಅದು ಚುಚ್ಚುತ್ತದೆ. ಇದೇ ಮಾತನ್ನು ಗೋಡೆಯ ಮೇಲೆ ಬರೆಸಿದ್ದರೆ ಯಾರು ಓದುತ್ತಿದ್ದರು?

ಅದೇ ಅಧ್ಯಾಯದಲ್ಲಿ ಕಾಲರಿನ ಪ್ರಸಂಗವೂ ಇದೆ. ದಿನಕ್ಕೊಂದು ಕಾಲರು, ಎರಡು ದಿನಕ್ಕೊಂದು ಅಂಗಿ. ಅಗಸನ ಖರ್ಚು ತಡೆಯಲಾರದೆ ಬಟ್ಟೆ ಒಗೆಯುವ ಪುಸ್ತಕ ತಂದು ಓದಿದರು, ಕಸ್ತೂರಬಾ ಅವರಿಗೂ ಕಲಿಸಿದರು. ಮೊದಲ ಕಾಲರಿಗೆ ಗಂಜಿ ಹೆಚ್ಚಾಯಿತು, ಇಸ್ತ್ರಿ ಕಾಯಲಿಲ್ಲ, ಸುಟ್ಟೀತೆಂಬ ಹೆದರಿಕೆಗೆ ಒತ್ತಲೂ ಇಲ್ಲ. ಗಂಜಿತಿಳಿಯಲ್ಲಿ ಸೀರೆ ಅದ್ದಿದ ನಮ್ಮ ಕಡೆಯ ಹೆಂಗಸರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಗಂಜಿ ತೆಳ್ಳಗಿರಬೇಕು, ಅದ್ದಿದ ಬಟ್ಟೆಯನ್ನು ಚೆನ್ನಾಗಿ ಹಿಂಡಬೇಕು, ಹಸಿ ಪೂರ್ತಿ ಆರುವ ಮೊದಲೇ ಕಾದ ಇಸ್ತ್ರಿ ಬೀಳಬೇಕು. ಆಗ ಗಂಜಿ ಎಳೆಯೊಳಗೆ ಇಳಿಯುತ್ತದೆ. ಇಲ್ಲದಿದ್ದರೆ ಮೇಲೆಯೇ ಕೂತು ಒಣಗಿ, ಕತ್ತು ಆಡಿಸಿದಾಗೆಲ್ಲ ಉದುರುತ್ತದೆ. ಬ್ಯಾರಿಸ್ಟರ್ ಗಾಂಧಿ ಕೋರ್ಟಿನಲ್ಲಿ ನಿಂತಾಗ ಹಾಗೇ ಉದುರಿತು. ನಕ್ಕವರಿಗೆ, ಇದು ನನ್ನ ಮೊದಲ ಪ್ರಯೋಗ, ನಿಮಗೊಂದು ತಮಾಷೆಯಾದರೂ ಸಿಕ್ಕಿತಲ್ಲ ಎಂದರಂತೆ. ಮುಂದೆ ಗಾಂಧಿಯ ರಾಜಕೀಯ ಗುರು ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಬಂದಾಗ, ಅವರಿಗೆ ಅವರ ಗುರು ರಾನಡೆಯವರು ಕೊಟ್ಟಿದ್ದ ಉತ್ತರೀಯ ಮುದುಡಿತ್ತು. ಜೋಹಾನ್ಸ್‌ಬರ್ಗಿನ ಔತಣಕ್ಕೆ ಹೊದೆಯಬೇಕು. ನಾನು ಇಸ್ತ್ರಿ ಮಾಡಿಕೊಡಲೇ ಎಂದರು ಗಾಂಧಿ. ನಿನ್ನ ವಕೀಲಿಕೆಯನ್ನು ನಂಬುತ್ತೇನೆ, ಇಸ್ತ್ರಿಯನ್ನಲ್ಲ ಎಂದರು ಗೋಖಲೆ. ಕೊನೆಗೆ ಕೊಟ್ಟರು, ಕೆಲಸವೂ ಚೆನ್ನಾಗಿಯೇ ಆಯಿತು.

ಇನ್ನು ನಿಮ್ಮ ಎರಡು ದೀಪ. ಸರ್ಕಾರಿ ಕೆಲಸ ಮುಗಿದೊಡನೆ ಸರ್ಕಾರದ ದೀಪ ಆರಿಸಿ ಸ್ವಂತದ್ದು ಹಚ್ಚಿದರು ಎಂಬ ಈ ಕಥೆ ಚಾಣಕ್ಯನ ಹೆಸರಲ್ಲೂ ಓಡಾಡುತ್ತಿದೆ. ಹೆಸರು ತೆಗೆದು ಇನ್ನೊಂದು ಹೆಸರು ಕೂರಿಸಿದರೂ ಕೂದಲು ಕೊಂಕದ ಕಥೆ ಯಾರದೂ ಅಲ್ಲ. ಗಂಜಿ ಉದುರಿದ ಕಾಲರನ್ನು ಬೇರೆಯವರ ಕತ್ತಿಗೆ ಕಟ್ಟಿ ನೋಡಿ, ಕೂರುವುದಿಲ್ಲ. ಪಟೇಲರ ಪ್ರಸಂಗವೂ ಹಾಗೆ. ವಲ್ಲಭಭಾಯಿ ದುಡ್ಡು ಕೂಡಿಟ್ಟು ವಿಲಾಯತಿಗೆ ಹೋಗುವ ಏರ್ಪಾಡು ಮಾಡಿದರು. ಕಾಗದ ಬಂದದ್ದು 'ವಿ.ಜೆ. ಪಟೇಲ್' ಎಂಬ ಹೆಸರಿಗೆ. ಅಣ್ಣ ವಿಠ್ಠಲಭಾಯಿಯ ಇನಿಷಿಯಲ್ಲೂ ಅದೇ! ಅಣ್ಣನ ಕೈಗೆ ಸಿಕ್ಕಿತು. ತಮ್ಮನ ಹಿಂದೆ ಅಣ್ಣ ಹೋದರೆ ಜನ ಏನೆಂದಾರು, ನಾನೇ ಮೊದಲು ಹೋಗುತ್ತೇನೆ ಎಂದರು. 1905ರಲ್ಲಿ ಅಣ್ಣ ಹಡಗು ಹತ್ತಿದರು, ಖರ್ಚು ತಮ್ಮನದು. ತಮ್ಮನ ಸರದಿ ಬಂದದ್ದು 1910ರಲ್ಲಿ.

ಚಾಣಕ್ಯ ಎಂದಾಗ ನೆನಪಾಯಿತು. 1937ರ ನವೆಂಬರ್ ತಿಂಗಳ 'ಮಾಡರ್ನ್ ರಿವ್ಯೂ'ನಲ್ಲಿ ಆ ಹೆಸರಿನವರೊಬ್ಬರು ಕಾಂಗ್ರೆಸ್ ಅಧ್ಯಕ್ಷ ನೆಹರೂ ಮೇಲೆ ಹರಿಹಾಯ್ದರು: ಈ ಮನುಷ್ಯನಿಗೆ ಜಂಬ ಬಂದಿದೆ, ಸ್ವಲ್ಪ ತಿರುಚಿದರೆ ಸರ್ವಾಧಿಕಾರಿಯಾದಾನು, ಮತ್ತೆ ಅಧ್ಯಕ್ಷನಾಗಿ ಆರಿಸಬೇಡಿ. ಬರೆದವರು ಸ್ವತಃ ನೆಹರೂ. ಇಂದಿನ ಒಬ್ಬ ತಾಲೂಕು ಮುಖಂಡರಿಂದ ಇಂಥದ್ದೊಂದು ಪ್ಯಾರಾ ಬರೆಸಿ ನೋಡೋಣ. ಅವರ ಹುಟ್ಟುಹಬ್ಬದ ಬ್ಯಾನರಿನಲ್ಲಿ ಒಂದು ಬಿರುದು ಕಡಿಮೆಯಾದರೂ ಫೋನು ಬರುತ್ತದೆ.

ನಮ್ಮ ಹೊಟ್ಟೆಯುರಿ ಇರುವುದು ಇಲ್ಲೇ. ಆಗಸ್ಟ್ 15ಕ್ಕೆ, ಅಕ್ಟೋಬರ್ 2ಕ್ಕೆ ಮಕ್ಕಳ ಕೈಗೆ ಅದೇ ಹಳೇ ಜೆರಾಕ್ಸ್ ಹಾಳೆ; ಅದರಲ್ಲಿ ನಾಯಕರು ಹುಟ್ಟಿದಾಗಿನಿಂದ ಒಂದು ತಪ್ಪೂ ಮಾಡಿದವರಲ್ಲ, ಒಮ್ಮೆಯೂ ನಕ್ಕವರಲ್ಲ. ದಂಡಿಯ ಉಪ್ಪಿನ ಸತ್ಯಾಗ್ರಹ ಬಾಯಿಪಾಠ; ಅದು ನಡೆದ ವಾರಕ್ಕೆ, 1930ರ ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು ಆ ಹಾಳೆಯಲ್ಲಿಲ್ಲ. ಮೊದಲ ಪೊಟ್ಟಣ ಹರಾಜಿಗೆ ಬಂದಾಗ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೂಗಿ ಹಿಡಿದರು. ಆಗಿನ 30 ರೂಪಾಯಿ! ಸಾಣಿಕಟ್ಟೆಯ ಉಪ್ಪು ಮನೆಬಾಗಿಲಿಗೇ ಬರುವ ಸೀಮೆಯಲ್ಲಿ ಒಂದು ಪೊಟ್ಟಣಕ್ಕೆ ಅಷ್ಟು ಸುರಿದ ಈ ವ್ಯಾಪಾರವನ್ನು ಹೇಳಿ ನೋಡಿ, ಮಕ್ಕಳು ಕಣ್ಣರಳಿಸದಿದ್ದರೆ ಕೇಳಿ. ಕುಮಟಾದಿಂದ ಅಂಕೋಲೆಗೆ ದೂರವೆಷ್ಟು, ಅಕ್ಕೋರೇ? ಇಷ್ಟು ವರ್ಷ ಕಲಿಸಿದ ನೀವೇ ಒಂದು ಹಾಳೆ ಹೊಸದಾಗಿ ಬರೆದು ಯಾವುದಾದರೂ ಶಾಲೆಗೆ ಕೊಡಬಾರದೇಕೆ? ನಿಮ್ಮ ಅಕ್ಷರ ಮುತ್ತಿನಂತಿದೆ, ಪ್ರೂಫ್ ನೋಡುವವರು ಅಸೂಯೆಪಟ್ಟರು.

ದೀಪದ ಕಥೆ ಯಾವ ಊರಲ್ಲಿ, ಯಾವ ವರ್ಷ, ಯಾರು ಕಣ್ಣಾರೆ ಕಂಡದ್ದು ಎಂದು ತಿಳಿಸಿದರೆ ಖಂಡಿತ ಹಾಕುತ್ತೇವೆ. ಅಲ್ಲಿಯವರೆಗೆ ಆ ಜಾಗದಲ್ಲಿ ಯರವಡಾ ಜೈಲಿನ ಪ್ರಸಂಗ ಬರುತ್ತದೆ. 1932ರಲ್ಲಿ ಗಾಂಧೀಜಿ ಅಲ್ಲಿ ಕಂಡಕಂಡದ್ದಕ್ಕೆಲ್ಲ ಸೋಡಾಪುಡಿ ಹಾಕಿಕೊಳ್ಳುತ್ತಿದ್ದರು. ಜೊತೆಗಿದ್ದ ಪಟೇಲರು, ಯಾರು ಯಾವ ತೊಡಕು ತಂದರೂ ಪರಿಹಾರ ಒಂದೇ ಹೇಳುತ್ತಿದ್ದರು: ಅದಕ್ಕೂ ಸೋಡಾ ಹಾಕಿ.

— ಸಂಪಾದಕ